ಬಾಣದ ಚೀಟಿ

ಹದಿನೆಂಟು ವರ್ಷ ಆತು, ಮುಂಡ್ರಿಗಿ ರೋಡಿನ ಈ ಜೀನ್ಸ್ ಶೆಡ್ಡಿನಾಗ
ಚೆಕ್ಕಿಂಗ್ ಟೇಬಲ್ಲು ನಂದು.
ಪ್ಯಾಂಟು ತಿರುವಿ, ಹೊಲಿಗಿ ಮ್ಯಾಲೆ ಹೆಬ್ಬೆಟ್ಟು ಆಡಿಸಿದರ ಸಾಕು,
ಎಲ್ಲಿ ನೂಲು ಬಿಟ್ಟೈತಿ, ಎಲ್ಲಿ ರಿವೆಟ್ಟು ಓರೆ ಕುಂತೈತಿ,
ಕಣ್ಣು ಮುಚ್ಚಿ ಹೇಳ್ತೀನಿ.
ತಪ್ಪು ಸಿಕ್ಕಲ್ಲಿ ಕೆಂಪು ಬಾಣದ ಚೀಟಿ.
ಮೂರು ಬಾಣ ಬಿದ್ದರ ಸೆಕೆಂಡ್ಸು,
ಕೌಲ್ ಬಜಾರಿನ ಫುಟ್‌ಪಾತು, ನೂರೈವತ್ತಕ್ಕ ಒಂದು.
ತೊಟ್ಟವರಿಗೆ ಏನೂ ಆಗಂಗಿಲ್ಲ.

ಎಲ್ಲಾರೂ ಉಣ್ಣಾಕ ಹೋದ ಹೊತ್ತಿನಾಗ
ಏಕನಾಥ ಸಾವ್ಕಾರ್ರು ಬಂದು
ಟವೆಲ್ಲಿನಾಗ ಸುತ್ತಿದ್ದನ್ನ ನನ್ನ ಮುಂದ ಇಟ್ಟರು.
"ಹೊನ್ನೂರಮ್ಮ, ನಿನ್ನ ಕೈಗೆ ಏನು ಹತ್ತತೈತಿ ನೋಡು.
ಗುಂಡು ತೆಗದೀನಿ, ಅಂಜಬ್ಯಾಡ."

ಎರಡು ವರ್ಷ ಅಲೆದಿದ್ದರು ಲೈಸನ್ಸಿಗೆ.
ಎಲೆಕ್ಷನ್ ಬಂತಂತ ಫೈಲು ಆರು ತಿಂಗಳು ಮಲಗಿತ್ತು.
ಪಗಾರದ ಚೀಲ ರೈಲ್ವೆ ಗೇಟಿನ ಹತ್ರ
ಯಾರೋ ಕಸಗೊಂಡು ಹೋದ ಶನಿವಾರದಿಂದ
ಅವರ ಬೆನ್ನಿಗೂ ಕಣ್ಣು ಮೂಡ್ಯಾವು.
ಗುಂಡಿ ಮಿಷನ್ನಿನ ಗಾದಿಲಿಂಗನ್ನ ಸೋಮವಾರಾನ ಬಿಡಿಸಿದ್ರು.
ಸಾಕ್ಷಿ ಏನಿಲ್ಲ. ಚೀಲ ಬರೋ ಹೊತ್ತು ಅವನಿಗೆ ಗೊತ್ತಿತ್ತು.
ನಮಗೆಲ್ಲಾರಿಗೂ ಗೊತ್ತಿತ್ತು.
ಅವ ನನ್ನ ತಂಗಿ ಮಗ.

ಕೈ ಸೀರಿಗೆ ಒರಸಿಕೊಂಡು ಎತ್ತಿದೆ.
ತೊಯ್ದ ಪ್ಯಾಂಟಿನ ತೂಕ.
ಹಿಡಿ ಕೂಡೋ ಕಡೆ ಉಗುರು ಹೋಗುವಷ್ಟು ಸಂದು.
ತಿರುಪಿನ ತಲಿ ಯಾರೋ ಜಾರಿಸಿ ಕೆಡಿಸ್ಯಾರ.
ನಳಿಕೆ ಬಾಯಿಗೆ ಒಂದು ಮುಳ್ಳು ಹಂಗೇ ಬಿಟ್ಟಾರ, ಬೆರಳು ಗೀರ್ತು.
ಗುಂಡಿನ ಗಾಲಿ ತಿರುವಿದೆ: ಒಂದು, ಎರಡು, ಮೂರು,
ನಾಕನೇ ಮನಿಗೆ ಬಂದು ಹಟ ಹಿಡೀತು,
ಬಾಬಿನ್ ಸಿಕ್ಕೊಂಡ ಮಿಷನ್ನಿನಂಗ.
ಮತ್ತ ತಿರುವಿದೆ. ಮತ್ತ ನಾಕನೇದು.

ನಾಕು ಚೀಟಿ ಅಂಟಿಸಿದೆ.
ಕುಂಕುಮ ಬಡಕೊಂಡ ಹರಕಿ ಕೋಳಿಯಂಗ
ಬಿದ್ದುಕೊಂಡಿತ್ತು ಟೇಬಲ್ ಮ್ಯಾಲೆ.

"ಸೆಕೆಂಡ್ಸು" ಅಂದೆ.
ಸಾವ್ಕಾರ್ರು ನಗಲಿಲ್ಲ.
"ಲಕ್ಷದ ಮ್ಯಾಲೆ ಕೊಟ್ಟೀನಿ. ಹುಬ್ಬಳ್ಳಿ ಅಂಗಡಿಯವ ವಾಪಸ್ ತಗೋಳಂಗಿಲ್ಲ,
ಕಾರ್ಖಾನೆಗೆ ಬರೀರಿ ಅಂತಾನ. ಅಲ್ಲಿಗೆ ಒಯ್ಯಾಕ ಮತ್ತೊಂದು ಪರ್ಮಿಷನ್ನು.
ಇದನ್ನ ಫುಟ್‌ಪಾತಿನಾಗ ಮಾರಾಕ ಬರತೈತೇನು?"
ಒಂದೊಂದೇ ಚೀಟಿ ಕಿತ್ತು, ಟವೆಲ್ಲು ಸುತ್ತಿಕೊಂಡು ಹೋದರು.

ಬಸ್ಸಿನಾಗ ಕುಂತಾಗ ಅವಳ ನೆನಪು.
ಆ ದೂರದ ಕಾರ್ಖಾನೆಯ ಚೆಕ್ಕಿಂಗಿನವಳು, ನಾ ಕಾಣದಾಕಿ,
ಹೆಂಗಸೋ ಗಂಡಸೋ.
ಮಾರ್ಚಿ ಕಡೇ ದಿನ ಇರಬೇಕು. ಗೇಟಿಗೆ ಲಾರಿ ನಿಂತಿರಬೇಕು.
ನಾಕನೇ ಮನಿ ಮ್ಯಾಲೆ ಒಂದು ಗಳಿಗಿ
ಬೆರಳು ನಿಂತಿರಬೇಕು,
ಹಿಂದಿನಿಂದ ಯಾರೋ "ಆತೇನು?" ಅಂದಿರಬೇಕು.
ಸೀಲು ಒತ್ತಿರಬೇಕು.

ನಾನೂ ಒತ್ತೀನಿ.
ದೀಪಾವಳಿ ಆರ್ಡರಿನ ರಾತ್ರಿ, ಜಿಪ್ಪು ಕಚ್ಚದ ನಲವತ್ತು ಪೀಸು,
ಕರೆಂಟು ಹೋಗಿತ್ತಂತ ನನಗ ನಾನೇ ಹೇಳಿಕೊಂಡು.
ಮತ್ತ ಆ ಸೋಮವಾರ.
"ನಿನ್ನ ಹುಡುಗ ಹೆಂಗ, ಹೊನ್ನೂರಮ್ಮ?" ಅಂತ ಕೇಳಿದ್ರಲ್ಲ,
"ನಿಮಗ ಬಿಟ್ಟದ್ದು ಸಾವ್ಕಾರ್ರೆ" ಅಂದು
ಪ್ಯಾಂಟು ತಿರುವಿ ಹಾಕಿದ್ದೆ.
ಅವನ್ನ ಎತ್ತಿ ಹಿಡಿದು ನೋಡಿದ ಬೆರಳು
ನನಗಿಂತ ಬ್ಯಾರೆ ಯಾವುದಿತ್ತು?

ನಾಕು ತಿಂಗಳಿಗೆ ವಾಪಸ್ ಬಂತು, ಜೋಡಿ ಒಂದು ಕಾಗದ:
ಪರೀಕ್ಷಿಸಲಾಗಿದೆ, ಸರಿಯಾಗಿದೆ.
ಸಾವ್ಕಾರ್ರು ಮತ್ತ ನನ್ನ ಕೈಗೆ ಕೊಡಲಿಲ್ಲ.

ಈಗ ಶನಿವಾರ ಶನಿವಾರ
ಫ್ಯಾನಿನ ಗಾಳಿಗೆ ರಿಜಿಸ್ಟರಿನ ಹಾಳಿ ಹಾರದಂಗ
ಅದನ್ನೇ ಇಟ್ಟಿರ್ತಾರ ಮ್ಯಾಲೆ.
ಸಹಿ ಹಾಕಿ ನೋಟು ಎಣಿಸ್ತೀನಿ. ಒಂದು, ಎರಡು, ಮೂರು.
ಹಿಡಿಯ ಸಂದಿನ ಹತ್ರ ನನ್ನ ಚೀಟಿಯ ಅಂಟು ಇನ್ನೂ ಐತಿ,
ನಮ್ಮ ಶೆಡ್ಡಿನ ನೀಲಿ ಧೂಳು ಮೆತ್ತಿಕೊಂಡು
ಬಾಣ ಹಂಗೇ ಕಾಣತೈತಿ.
ಅಷ್ಟು ದೂರ ಹೋಗಿ ಬಂದರೂ
ಅಲ್ಲಿ ಯಾರೂ ಅದನ್ನ ಮುಟ್ಟಿಲ್ಲ.

ಹೇಳಬೇಕಂತ ಬಾಯಿ ತನಕ ಬರತೈತಿ.
ಹಿಂದ ಸಾಲು ನಿಂತೈತಿ. ಮುಂದಿನಾಕಿ
"ಆತೇನಕ್ಕಾ?" ಅಂತಾಳ.