ಆಡು

ಕುರ್ಚಿ ಎಳಕೊಂಡು ಕೂಡ್ರು, ಎರ್ರಿಸ್ವಾಮಿ.
ಕೆಳಗಿನ ಜೀನ್ಸ್ ಮಿಷನ್ನು ಆರು ಗಂಟೆಗೆ ನಿಲ್ತಾವೆ,
ಅಷ್ಟರಾಗ ಹೇಳಿ ಮುಗಿಸ್ತೀನಿ.
ಸದ್ದಿಲ್ಲದ ಹೊತ್ತಿನಾಗ ನನಗೆ ಮಾತು ಬರಲ್ಲ.

ಪಾಸ್‌ವರ್ಡು ಈ ಚೀಟಿಯಾಗ ಅದಾವೆ.
ಸರ್ವರ್ ಬಾಡಿಗೆ ತಿಂಗಳ ಒಂಬತ್ತಕ್ಕೆ;
ತಡ ಆದ್ರೆ ಮೊದಲು ಗುಡ್ಡ ಮಾಯ ಆಗ್ತೈತೆ,
ಜನ ಒಂದಿಷ್ಟು ಹೊತ್ತು ಗಾಳಿಯಾಗ ನಿಂತಿರ್ತಾರೆ,
ಆಮೇಲೆ ಅವರೂ.
ಒಂದು ಸಲ ಆಗೈತೆ. ಮತ್ತ ಆಗಬಾರದು.

ಆ ಗುಡ್ಡ ಇದೇ ಗುಡ್ಡ. ಕಿಟಕಿ ತೆಗಿ, ಕಾಣ್ತೈತೆ:
ಒಂದೇ ಕಲ್ಲು, ಮ್ಯಾಲೆ ಕೋಟೆ,
ಬಿಸಿಲು ಇಳಿದ್ರೂ ಕಾವು ಇಳಿಯಲ್ಲ.
ಟೇಪು ಹಿಡಕೊಂಡು ಮೆಟ್ಟಿಲು ಅಳೆದಿದ್ದು ನಾನು,
ಹನ್ನೊಂದು ವರ್ಷದ ಹಿಂದೆ, ಏಪ್ರಿಲ್ ತಿಂಗಳಾಗ,
ಬುದ್ಧಿ ಇದ್ದೋರು ಮಾಡೋ ಕೆಲಸ ಅಲ್ಲ.
ಹೆಜ್ಜೆ ಸದ್ದು ನನ್ನ ಚಪ್ಪಲಿದು.
ಬ್ರೆಜಿಲ್‌ನೋರು, ಸಿರುಗುಪ್ಪದೋರು, ಯಾರೇ ಹತ್ತಲಿ,
ಉಂಗುಷ್ಟ ಕಿತ್ತ ನನ್ನ ಎಡ ಚಪ್ಪಲಿ ಮೆಟ್ಟೇ ಹತ್ತಬೇಕು.
ಕೆಂಧೂಳಿನ ಬಣ್ಣ ಮಹಜಬೀನ್‌ದು:
ಅದಿರಿನ ಲಾರಿ ಹೋದ ಮ್ಯಾಲೆ
ಕೌಲ್‌ಬಜಾರಿನ ಒಂದು ಶಟರಿಗೆ ಬೆರಳು ಎಳೆದು
ಆ ಬೆರಳನ್ನೇ ತಂದು ಸ್ಕ್ಯಾನರಿನ ಗಾಜಿಗೆ ಒತ್ತಿದ್ಲು.
ಅವಳು ಕೆಲಸ ಬಿಟ್ಟು ಐದು ವರ್ಷ. ಹತ್ರ ಹೋಗಿ ನೋಡಿದ್ರೆ
ಧೂಳಿನಾಗ ಬೆರಳಿನ ಗೆರೆ ಇನ್ನೂ ಕಾಣ್ತಾವೆ.

ಈಗ ಆಡಿನ ವಿಷಯ.

ಮೊದಲ ವರ್ಷ, ಆಟ ಸುರು ಮಾಡೋ ಗುಂಡಿ ಮ್ಯಾಲೆ
ಕನ್ನಡದಾಗ 'ಆಡು' ಅಂತ ಬರೆದಿದ್ವಿ, ಅಷ್ಟೇ.
ಪೋಲೆಂಡಿನ ಒಬ್ಬಾಕಿ
ಅದನ್ನ ಯಾವುದೋ ಯಂತ್ರಕ್ಕೆ ಹಾಕಿ ತರ್ಜುಮೆ ಮಾಡಿಸಿ
ಕೇಳಿದ್ಲು: ಗುಡ್ಡ ಪೂರ್ತಿ ಹುಡುಕಿದೆ,
ಮೇಕೆ ಎಲ್ಲೈತೆ?
ನಕ್ಕು ನಕ್ಕು ಸಾಕಾಯ್ತು.
ಪಾಪ, ಎರಡು ದಿನ ಹುಡುಕ್ಯಾಳ ಅನ್ನಿಸಿದ ಮ್ಯಾಲೆ
ರಾತ್ರಿ ಮೂರರ ತನಕ ಕೂತು ಒಂದು ಆಡು ಮಾಡಿ ಬಿಟ್ಟೆ.
ಗೋಡೆ ಅಂದ್ರೆ ಏನಂತ ಅದಕ್ಕೆ ಹೇಳಿಕೊಡೋದು ಮರೆತೆ.

ಅವತ್ತಿಂದ ಅದು ಕೋಟೆ ಗೋಡೆಯೊಳಗೆ ಹಾದು ಹೋಗ್ತೈತೆ,
ಸೋದರಮಾವನ ಮನಿಗೆ ಹೋಗೋ ಹಂಗೆ.
ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ;
ಇದು ಒಂದು ಎಲೆನೂ ಮುಟ್ಟಿಲ್ಲ.
ಬಾಯಿ ತೆಗೆಯೋದು ಬರೆಯೋಕೆ ಟೈಮ್ ಸಿಗಲಿಲ್ಲ.
ಮೂರನೇ ವರ್ಷ ಸರಿ ಮಾಡಿದೆ. ಗೋಡೆಗೆ ಬಂದು ನಿಂತುಬಿಡ್ತು.
ಮಂದಿ ಬೈದಿದ್ರೆ ತಡಕೊಳ್ತಿದ್ದೆ. ಬೈಲಿಲ್ಲ.
ದಿನಾ ರಾತ್ರಿ ಬಂದು
ಆಡಿನ ಮಗ್ಗುಲಿಗೆ, ಗೋಡೆ ಕಡೆ ಮಾರಿ ಮಾಡಿ ಕೂತ್ರು.
ನಾಕನೇ ದಿನ ತಪ್ಪನ್ನ ವಾಪಸ್ ಹಾಕಿದೆ.
ಅದಕ್ಕೇ ಹೇಳ್ತೀನಿ,
ಪಟ್ಟಿಯಾಗ ನಲವತ್ತೊಂದನೇ ದೋಷ ಮುಟ್ಟಬ್ಯಾಡ.

ಯಾಕೆ ಬಿಡ್ತೀಯ ಅಂತ ನೀನು ಕೇಳಿಲ್ಲ. ಚಲೋ ಆಯ್ತು.
ಮಣಿಕಟ್ಟು ನೋವು ಅಂತ ಉಳಿದೋರಿಗೆ ಹೇಳೀನಿ;
ನೋವು ಐತೆ, ಸುಳ್ಳಲ್ಲ.
ಆದ್ರೆ ಒಂದಿನ ಮಧ್ಯಾಹ್ನ ಗುಡ್ಡ ನೋಡಿದೆ, ಈ ಹೊರಗಿನ ಗುಡ್ಡ.
ಅಲ್ಲೊಂದು ಬಂಡೆ ನೆರಳು ತಪ್ಪಾಗಿ ಬಿದ್ದೈತೆ,
ರಾತ್ರಿ ಕೂತು ಸರಿ ಮಾಡಬೇಕು ಅಂದ್ಕೊಂಡೆ.
ಅವತ್ತೇ ರಾಜೀನಾಮೆ ಬರೆದೆ.

ನಿನ್ನೆ ಅವರು ಬೀಳ್ಕೊಟ್ರು.
ಮುನ್ನೂರು ಮಂದಿ ಮೆಟ್ಟಿಲ ಮ್ಯಾಲೆ ಲಾಂದ್ರ ಹಿಡಿದು ನಿಂತ್ರು,
ಯಾರೂ ಒಂದಕ್ಷರ ಬರೀಲಿಲ್ಲ.
ಒಬ್ಬ ಮಾತ್ರ ಒಂದೇ ಸಮ ಕುಪ್ಪಳಿಸ್ತಿದ್ದ,
ಸಣ್ಣ ಹುಡುಗ ಇರಬೇಕು, ಇಲ್ಲಾ ಅಳೋಕೆ ಗುಂಡಿ ಸಿಗದೋನು.
ಅಳೋ ಗುಂಡಿ ನಾವು ಮಾಡೇ ಇಲ್ಲ, ನೋಡು. ಅದನ್ನ ಬರಕೋ.

ಮನಿಗೆ ಹೋಗಿ ಹೊಸ ಹೆಸರಿನಾಗ ಒಳಗೆ ಬಂದೆ.
ಎರಡನೇ ತಿರುವಿಗೇ ಬಿದ್ದೆ. ನಾಟಕ ಅಲ್ಲ, ಬಿದ್ದೆ.
ಇಷ್ಟು ವರ್ಷ ಎತ್ತಿ ಎತ್ತಿ ತುದಿಗೆ ಇಟ್ಕೊಂಡಿದ್ದೆನೇ ಹೊರತು
ಒಂದು ಸಲನೂ ಹತ್ತಿರಲಿಲ್ಲ.
'ಜಾಲಿಮುಳ್ಳು' ಅಂತ ಯಾರೋ, ಅರ್ಧದಿಂದ ವಾಪಸ್ ಇಳಿದು ಬಂದು
ಹೊಸಬನಾ? ಅಂದ.
ಓಡಬ್ಯಾಡ, ಕಲ್ಲಿಗೆ ಮಗ್ಗುಲಾಗಿ ಹತ್ತು,
ಬಾ, ಮ್ಯಾಲೆ ಒಂದು ಆಡೈತೆ, ತೋರಿಸ್ತೀನಿ.

ಹೌದಣ್ಣ, ಹೊಸಬ, ಅಂದೆ.

ಮಿಷನ್ನು ನಿಂತ್ವು.
ಕಿಟಕಿ ಹಾಕು, ಧೂಳು ಬರ್ತೈತೆ.