ಏಳನೇ ಕಲ್ಲಂಗಡಿ

ಏಳನೇ ಸಲ ಕಲ್ಲಂಗಡಿ ಒಡೆಯಲಿಲ್ಲ.

ಅದಕ್ಕೂ ಮೊದಲು ಆರು ಹಣ್ಣು
ಹೆಲ್ಮೆಟ್ಟು ತೊಟ್ಟೇ ಏಣಿಯಿಂದ ಬಿದ್ದು
ರೋಲಾದ ಪಾರ್ಕಿಂಗಿನ ತುಂಬ ಕೆಂಪಾದವು.
ತಿಂದದ್ದು ನಾವು:
ಹಣ್ಣನ್ನೂ, ವಾಚ್‌ಮನ್ ಗುಲ್‌ಜಮಾನನ ಬೈಗುಳವನ್ನೂ.

ಖರ್ಜೂರದ ಗರಿಯ ನಾರು, ಬಕ್ಕಾಲದ ಹಳೇ ರಟ್ಟು,
ಜೇನುಗೂಡಿನಂತೆ ಕೊರೆದು ಅಂಟಿಸಿದ್ದು;
ಮಡಚಿದರೆ ನಾಲ್ಕು ಕುಬ್ಬೂಸಿನ ದಪ್ಪ.

ಸಾಮಾನು ಹಂಚುವ ಮೊಯ್ದು
ಸೈಕಲ್ಲು ಹತ್ತುವ ಮೊದಲು ಹಾಕಿಕೊಂಡ.
ಆಗಸ್ಟಿನ ಬೆವರಿಗೆ ಅಂಟು ಬಿಟ್ಟೀತೆಂದು ನಾನು
ಅವನ ಹಣೆಯನ್ನೇ ನೋಡುತ್ತಿದ್ದೆ.
ಅವನೋ, ಕೆಂಪು ಸಿಗ್ನಲ್ಲಿನಲ್ಲಿ
ಅದನ್ನು ತೆಗೆದು, ಮಡಚಿ,
ಬೀಸಣಿಗೆ ಮಾಡಿ ಗಾಳಿ ಹಾಕಿಕೊಂಡ.

ನನ್ನ ನಕ್ಷೆಯಲ್ಲಿ ಗಾಳಿ ಇರಲಿಲ್ಲ.
ರಾತ್ರಿ ಬರೆದುಕೊಂಡೆ:
ಒಂದು ಹಿಡಿಕೆ ಬೇಕು.
ಸಿಗ್ನಲ್ಲಿನಲ್ಲಿ ತೆಗೆಯಬಾರದು ಅಂತ
ಮೊಯ್ದುವಿಗೆ ಹೇಳಬೇಕು.

ಒಡೆಯದ ಹಣ್ಣು ಫ್ರಿಜ್ಜಿನ ಮೇಲಿದೆ.
ಕತ್ತಿ ಹಿಡಿಯಲು ಯಾರಿಗೂ ಮನಸ್ಸಿಲ್ಲ.