ರಟ್ಟಿನ ತೂತು

ಕಬ್ಬನ್‌ಪೇಟೆಯ ಹದಿಮೂರನೇ ಅಡ್ಡರಸ್ತೆ,
ಒಬ್ಬರೇ ಹಿಡಿಯುವ ಮೆಟ್ಟಿಲು, ಮೇಲೆ
ದೇವಲಯ್ಯನವರ ಎರಡು ಮಗ್ಗ.
ಒಂದು ಓಡುತ್ತದೆ. ಇನ್ನೊಂದರ ಮೇಲೆ ಟವೆಲು ಒಣಗುತ್ತದೆ.

ನಾನು ಬಂದದ್ದು ಸೀರೆಗಲ್ಲ.
ಬೆಳಿಗ್ಗೆ ಸೆಮಿನಾರಿನಲ್ಲಿ ನಕ್ಕಿದ್ದರು:
ಕಣಗಳ ಕೆಳಗೆ ಇನ್ನೊಂದು ನೆಲವಿದೆ,
ಅಲ್ಲಿ ದಾಳವಿಲ್ಲ, ಬರೀ ಲೆಕ್ಕ
ಎಂದಿದ್ದೆ. "ಹಾಗಾದರೆ ತೋರಿಸಿ, ಮೇಡಂ."

ಜಕಾರ್ಡಿನ ಕೊರಳಿಗೆ ರಟ್ಟುಗಳ ಮಾಲೆ.
ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ.
ಹೌದು, ಅಲ್ಲ, ಅಲ್ಲ, ಹೌದು,
ಲಾಳಿಗೆ ಸಂದೇಹವೇ ಗೊತ್ತಿಲ್ಲ.

ಆದರೂ ಇಳಿದು ಬರುವ ಸೆರಗು
ಕಿಟಕಿಯ ಕಡೆಯಿಂದ ಹಸಿರು, ಬಾಗಿಲ ಕಡೆಯಿಂದ ಕೆಂಪು;
ನಡುವೆ ನಿಂತರೆ ಎರಡೂ ಅಲ್ಲದ ಏನೋ ಒಂದು,
ನಾವು ಅಲೆ ಎಂದು ಕರೆಯುವಂಥದು.
"ಯಾವ ಬಣ್ಣ ಇದು?"
"ನೀವೆಲ್ಲಿ ನಿಂತಿದೀರ ಹೇಳಿ."

ಹಾಸು ಕೆಂಪು, ಹೊಕ್ಕು ಹಸಿರು. ಅಷ್ಟೇ.

ನವಿಲಿನ ಕತ್ತಲ್ಲಿ ಒಂದು ಚುಕ್ಕೆ ಹೆಚ್ಚು.
"ಇಲಿ ತಿಂದಿದ್ದು, ಎಂಬತ್ತೊಂಬತ್ತರಲ್ಲಿ.
ಕೊಳ್ಳೋರು ದೃಷ್ಟಿಬೊಟ್ಟು ಅಂತಾರೆ. ನಾನೂ ಹೂಂ ಅಂತೀನಿ."
ಪಂಚಿನಲ್ಲಿ ಹೊಡೆದ ತೂತೋ, ಇಲಿ ಕಡಿದ ತೂತೋ,
ಏಳುವ ಎಳೆ ಕೇಳುವುದಿಲ್ಲ;
ಬೇರೆ ಬೇರೆ ನಿನ್ನೆಗಳು ಒಂದೇ ಇವತ್ತಾಗಿ
ಕಾರಣ ಕಳೆದುಹೋಗುತ್ತದೆ. ಕಳೆದದ್ದಕ್ಕೆ
ನಾವು ಸಂಭವನೀಯತೆ ಎಂದು ಹೆಸರಿಟ್ಟೆವೇನೋ.

ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು.

ಆದರೆ ಒಂದೇ ಮಾಲೆಯಲ್ಲಿ ನೇಯ್ದ ಎರಡು ಸೀರೆ,
ಒಂದು ಯಲಹಂಕಕ್ಕೆ, ಒಂದು ಆನೇಕಲ್ಲಿಗೆ ಹೋದವು ಅನ್ನಿ.
ಎರಡರಲ್ಲೂ ಅದೇ ಚುಕ್ಕೆ. ಸರಿ, ರಟ್ಟು ಒಂದೇ.
ನನ್ನ ಕಣಗಳು ಅದಕ್ಕಿಂತ ಹೆಚ್ಚು ಒಪ್ಪುತ್ತವೆ, ದೇವಲಯ್ಯ,
ಯಾವ ರಟ್ಟೂ ಮೊದಲೇ ಬರೆದಿಡಲಾಗದಷ್ಟು.
ಉಳಿದಿರುವುದು ಒಂದೇ ದಾರಿ: ಅಲ್ಲಿ ಅವಳು
ಯಾವ ಕಡೆಯಿಂದ ಸೆರಗು ನೋಡುತ್ತಾಳೆ ಎಂಬುದೂ
ಇದೇ ಮಾಲೆಯಲ್ಲಿ ತೂತಾಗಿರಬೇಕು.

ಅವರು ತುಂಡಾದ ಎಳೆಯನ್ನು ಎಂಜಲು ಬೆರಳಲ್ಲಿ ಹೊಸೆದರು.
"ಹಾಗಾದ್ರೆ ನೀವು ಇವತ್ತು ಮೆಟ್ಟಿಲು ಹತ್ತಿದ್ದೂ?"
"ಅದೂ."
"ಆ ಇಲಿಗೆ ಹಸಿವಾಗಿದ್ದೂ?"
ನಾನು ನಕ್ಕೆ. ಬೆಳಿಗ್ಗೆ ಅವರು ನಕ್ಕ ಹಾಗೆಯೇ ನಕ್ಕೆ.

ಆರೂಮುಕ್ಕಾಲಿಗೆ ಕರೆಂಟು ಹೋಯಿತು.
ಪಕ್ಕದ ಮನೆಯ ಮಗ್ಗವೂ, ಅದರಾಚೆಯದೂ ನಿಂತು
ಬೀದಿಗೆ ಬೀದಿಯೇ ಕಿವುಡಾಯಿತು.
ಲಾಳಿ ಎಲ್ಲಿ ಸಿಕ್ಕಿಕೊಂಡಿತೋ.
"ಎಡಗಡೆಯಿಂದ ಒಂದು ಗೇಣು," ಅಂದರು, ನೋಡದೆ.
ನನ್ನ ಕೈ ಮೊಬೈಲಿನ ಟಾರ್ಚಿಗೆ ಹೋಯಿತು.
ಹೋಗಲೇಬೇಕಿತ್ತೋ, ನಾನೇ ಕಳಿಸಿದೆನೋ.